ಓಪನರ್ ಜಿಗಿದಾಗ ಪಾಸ್ ಮಾಡಬಹುದಾ?

ಬ್ರಿಜ್ ಇಸ್ಪೀಟಾಟದ ಹರಾಜಿನಲ್ಲಿ ಓಪನರ್, ಅಂದರೆ ಮೊದಲು ಕೂಗಿದ ನಿಮ್ಮ ಜೊತೆಗಾರ, ಎರಡನೇ ಸುತ್ತಿನಲ್ಲಿ ಬೇಕಾದದ್ದಕ್ಕಿಂತ ಒಂದು ಮೆಟ್ಟಿಲು ಮೇಲಕ್ಕೆ ಜಿಗಿದರೆ, ಆ ಸೂಟ್ (ಎಲೆಯ ಬಣ್ಣ) ಅವರು ಮೊದಲೇ ಹೇಳಿದ್ದೋ ಹೊಸದೋ ಅಂತ ನೋಡಿ. ಅವರ 1 ಹಾರ್ಟ್, ನಿಮ್ಮ 1 ಸ್ಪೇಡ್ ಆದ ಮೇಲೆ ಅವರಿಂದ 3 ಹಾರ್ಟ್ ಬಂದರೆ ಹಳೇ ಸೂಟ್. ಅದು ಬರೀ ಆಹ್ವಾನ, ದೊಡ್ಡ ಎಲೆಗಳ ಲೆಕ್ಕದಲ್ಲಿ 6 ಪಾಯಿಂಟ್ ಇದ್ದವರು ಪಾಸ್ ಮಾಡಬಹುದು. 3 ಕ್ಲಬ್ ಬಂದರೆ ಹೊಸ ಸೂಟ್, ಗೇಮ್ (ಬೋನಸ್ ಸಿಗುವ ಮಟ್ಟ) ಮುಟ್ಟುವ ತನಕ ಪಾಸ್ ಮಾಡುವ ಹಾಗಿಲ್ಲ. ಯಾಕೆಂದರೆ ಮೊದಲನೆಯದಕ್ಕೆ 6 ಹಾರ್ಟ್ ಎಲೆ, 16ರಿಂದ 18 ಪಾಯಿಂಟ್ ಸಾಕು. ಎರಡನೆಯದಕ್ಕೆ ಸುಮಾರು 19 ಬೇಕು. ನಿಮ್ಮ 6 ಸೇರಿದರೆ 25, ಗೇಮ್‌ಗೆ ಅಷ್ಟಾಯಿತಲ್ವಾ! ಒಂದು ಮಾತು ಮಾತ್ರ ಮರೆಯಬೇಡಿ: ಆ ಕ್ಲಬ್ ಬರೀ 3 ಎಲೆಯದ್ದೂ ಇರಬಹುದು. 6 ಹಾರ್ಟ್, 19 ಪಾಯಿಂಟ್ ಹಿಡಿದವರಿಗೆ ಫೋರ್ಸ್ ಮಾಡಲು, ಅಂದರೆ ನೀವು ಪಾಸ್ ಮಾಡದಂತೆ ತಡೆಯಲು, ಬೇರೆ ದಾರಿ ಇರುವುದು ಕಡಿಮೆ. ಹಾಗಾಗಿ ಕೈಯಲ್ಲಿ 4 ಕ್ಲಬ್ ಇದೆ ಅಂತ ಸುಮ್ನೆ ಏರಿಸಬೇಡಿ. 2 ಹಾರ್ಟ್ ಎಲೆ ಇದ್ದರೂ 3 ಹಾರ್ಟ್ ಹೇಳುವುದು ಒಳ್ಳೆಯದು. ಟೂ ಓವರ್ ಒನ್ ಎಂಬ ಹರಾಜು ಪದ್ಧತಿ ಆಡುವವರಲ್ಲಿ 1 ಹಾರ್ಟ್‌ಗೆ 2 ಕ್ಲಬ್ ಉತ್ತರ ಬಂದಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಗೇಮ್ ಆಗಲೇ ಖಚಿತ, 3 ಹಾರ್ಟನ್ನೂ ಪಾಸ್ ಮಾಡುವಂತಿಲ್ಲ. ಇನ್ನು 1 ಸ್ಪೇಡ್ ಮೇಲೆ ನೇರ 4 ಕ್ಲಬ್‌ಗೆ ಜಿಗಿದರೆ ಹೆಚ್ಚಿನ ಜೋಡಿಗಳಿಗೆ ಅದು ಸ್ಪ್ಲಿಂಟರ್: ಸ್ಪೇಡ್‌ಗೆ ಬೆಂಬಲ ಇದೆ, ಕ್ಲಬ್ ಒಂದೇ ಎಲೆ ಅಥವಾ ಅದೂ ಇಲ್ಲ.