ದೊಡ್ಡ ಸಂಖ್ಯೆಯ ಘಾತ: ಒಂದಂಕಿಯೂ ತಪ್ಪದಂತೆ ಲೆಕ್ಕ ಹಾಕುವುದು ಹೇಗೆ?

3ರ 40ನೇ ಘಾತ 12157665459056928801. ಜಾವಾದ ಲಾಂಗ್ ಎಂಬ 64 ಬಿಟ್ ಪೂರ್ಣಾಂಕದಲ್ಲಿ ಇದು ಹಿಡಿಸುವುದಿಲ್ಲ. ಲೂಪ್ ಹಾಕಿ ಗುಣಿಸಿದರೆ ಯಾವ ಎಚ್ಚರಿಕೆಯೂ ಇಲ್ಲದೆ -6289078614652622815 ಬರುತ್ತದೆ. ಆದ್ದರಿಂದ ಬೇಕಾದಷ್ಟು ಉದ್ದಕ್ಕೆ ಬೆಳೆಯುವ ಪೂರ್ಣಾಂಕ ಬಳಸಬೇಕು: ಜಾವಾದಲ್ಲಿ ಬಿಗ್‌ಇಂಟಿಜರ್, ಜಾವಾಸ್ಕ್ರಿಪ್ಟ್‌ನಲ್ಲಿ ಬಿಗ್‌ಇಂಟ್ ಬಳಸಿ. ಪೈಥಾನ್‌ನ ಪೂರ್ಣಾಂಕ ತಾನಾಗಿಯೇ ಬೆಳೆಯುತ್ತದೆ. ಆದರೂ ಅಲ್ಲಿ ಮ್ಯಾಥ್ ಮಾಡ್ಯೂಲ್‌ನ ಪವ್ ಕರೆಯಬೇಡಿ: ಅದು ಸಂಖ್ಯೆಯನ್ನು 53 ಬಿಟ್ ನಿಖರತೆಯ ಫ್ಲೋಟ್‌ಗೆ (ದಶಮಾಂಶ ಸಂಖ್ಯೆಗೆ) ಇಳಿಸುವುದರಿಂದ ಕೊನೆಯ 801 ಹೋಗಿ 768 ಆಗುತ್ತದೆ.  ** ಚಿಹ್ನೆಯೇ ಸರಿ. ^ ಅಂತೂ ಘಾತವೇ ಅಲ್ಲ, ಎರಡು ಸಂಖ್ಯೆಗಳ ಬಿಟ್‌ಗಳನ್ನು ಹೋಲಿಸುವ ಎಕ್ಸ್‌ಆರ್ ಚಿಹ್ನೆ. 2^10 ಎಂದು ಬರೆದರೆ 8 ಸಿಗುತ್ತದೆ.

ಈಗ ವಿಧಾನ. 3ರ 13ನೇ ಘಾತ ಬೇಕೆನ್ನಿ. ಫಲ 1, ಆಧಾರ 3, ಘಾತಾಂಕ 13 ಎಂದು ಇಟ್ಟುಕೊಳ್ಳಿ. ಘಾತಾಂಕ ಬೆಸವಾಗಿದ್ದರೆ ಫಲವನ್ನು ಆಧಾರದಿಂದ ಗುಣಿಸಿ. ಬಳಿಕ ಘಾತಾಂಕವನ್ನು ಅರ್ಧ ಮಾಡಿ, ಶೇಷ ಬಿಡಿ. ಅದು ಸೊನ್ನೆಯಾದರೆ ಅಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ಆಧಾರದ ವರ್ಗ ಮಾಡಿ ಮತ್ತೆ ಮೊದಲಿನಿಂದ. ಘಾತಾಂಕ 13, 6, 3, 1 ಎಂದು ಇಳಿದಂತೆ ಆಧಾರ 3, 9, 81, 6561 ಎಂದು ಏರುತ್ತದೆ. ಫಲ ಮೊದಲು 3, ಆಮೇಲೆ 243, ಕೊನೆಗೆ 1594323. ಘಾತಾಂಕ 1000 ಇದ್ದರೆ 999 ಗುಣಾಕಾರಗಳ ಬದಲು 14 ಸಾಕು (1ರಿಂದ ಗುಣಿಸುವುದನ್ನು ಬಿಟ್ಟು). ಪಾದವೊಂದರಲ್ಲಿ ಲಘು-ಗುರುಗಳು ಎಷ್ಟು ಬಗೆಯಲ್ಲಿ ಬರಬಹುದೆಂದು ಎಣಿಸಲು ಪಿಂಗಳನ ಛಂದಶ್ಶಾಸ್ತ್ರ ಹೇಳುವುದೂ ಇದೇ ಜಾಣ್ಮೆಯನ್ನು: ಅರ್ಧವಾದರೆ ವರ್ಗ, ಆಗದಿದ್ದರೆ ಒಂದು ಕಳೆದು ಇಮ್ಮಡಿ.

ಸೊನ್ನೆಯಾಯಿತೇ ಎಂದು ವರ್ಗ ಮಾಡುವ ಮೊದಲೇ ನೋಡಬೇಕು. ಹೆಚ್ಚಿನ ಕೋಡ್ ಎಡವುವುದು ಇಲ್ಲೇ. ಸಾಮಾನ್ಯ ಗುಣಾಕಾರದಲ್ಲಿ ಸಂಖ್ಯೆಯ ಉದ್ದ ಇಮ್ಮಡಿಯಾದರೆ ಕೆಲಸ ನಾಲ್ಮಡಿ. ಹಾಗಾಗಿ ಬೇಡದ ಆ ಕೊನೆಯ ವರ್ಗವೊಂದೇ ಹಿಂದಿನ ಎಲ್ಲ ವರ್ಗಗಳ ಒಟ್ಟು ಕೆಲಸದ ಸುಮಾರು ಮೂರು ಪಟ್ಟು ಸಮಯ ತಿನ್ನುತ್ತದೆ.

ಬೇಕಿರುವುದು ಘಾತವನ್ನು ಇನ್ನೊಂದು ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಶೇಷ ಮಾತ್ರವಾದರೆ, ಆರ್‌ಎಸ್‌ಎ ಗೂಢಲಿಪಿಯಲ್ಲಿ ಇರುವಂತೆ, ಪೂರ್ತಿ ಘಾತ ಕಟ್ಟಲು ಹೋಗಲೇಬೇಡಿ. 2048 ಬಿಟ್‌ನ ಘಾತಾಂಕಕ್ಕೆ ಆ ಉತ್ತರವನ್ನು ಹಿಡಿಸುವ ಮೆಮೊರಿ ಎಲ್ಲೂ ಇಲ್ಲ. ಪ್ರತಿ ಗುಣಾಕಾರದ ಬೆನ್ನಿಗೇ ಶೇಷ ತೆಗೆಯುತ್ತ ಬನ್ನಿ. ಪೈಥಾನ್‌ನಲ್ಲಿ ಮೂರು ಮೌಲ್ಯ ಕೊಟ್ಟು ಕರೆಯುವ ಪವ್, ಜಾವಾದ ಮಾಡ್‌ಪವ್ ಈ ಕೆಲಸವನ್ನೇ ಮಾಡುತ್ತವೆ. ಆರ್‌ಎಸ್‌ಎಯಲ್ಲಿ ರೂಢಿಯ ಘಾತಾಂಕ 65537 ಆಗಿರುವುದಕ್ಕೂ ಇಲ್ಲೇ ಕಾರಣವಿದೆ: 16 ವರ್ಗ, ಒಂದು ಗುಣಾಕಾರ, ಅಷ್ಟೇ.

ಪೈಥಾನ್ 3.11ರಲ್ಲಿ ಉತ್ತರ ಮುದ್ರಿಸುವಾಗ ವ್ಯಾಲ್ಯೂಎರರ್ ಎಂಬ ದೋಷ ಸಂದೇಶ ಬಂದರೆ ಲೆಕ್ಕ ತಪ್ಪಿದೆ ಎಂದುಕೊಳ್ಳಬೇಡಿ. 4300 ಅಂಕಿ ಮೀರಿದ ಪೂರ್ಣಾಂಕವನ್ನು ದಶಮಾನದ ಪಠ್ಯವಾಗಿಸಲು ಅದು ತಡೆ ಹಾಕಿದೆ. ಸಿಸ್ ಮಾಡ್ಯೂಲ್‌ನಲ್ಲಿ ಆ ಮಿತಿ ಏರಿಸಿ, ಇಲ್ಲವೇ ಹೆಕ್ಸ್‌ನಲ್ಲಿ (16ರ ಆಧಾರದ ಅಂಕಿಗಳಲ್ಲಿ) ಮುದ್ರಿಸಿ. ಹೆಕ್ಸ್‌ಗೆ ಈ ತಡೆ ಇಲ್ಲ.