ನಿದ್ದೆಯ ಅಧ್ಯಯನದಲ್ಲಿ ಹೊತ್ತು ಬರೆದಿಡುವ ಕೆಲಸ: ನರ್ಸಿಂಗ್ ಸಂಶೋಧಕಿಯ ಅನುಭವ

ನಿದ್ದೆ, ಜೀನು, ವಯಸ್ಸಾದವರ ಮಿದುಳಿನ ಆರೋಗ್ಯ ಮೂರನ್ನೂ ಕೂಡಿಸಿ ನೋಡುವ ಅಧ್ಯಯನದಲ್ಲಿ ನನ್ನ ಪಾಲಿನ ಕೆಲಸ ಹಳ್ಳಿಯ ಮನೆಯಲ್ಲೇ ಶುರು. ಮಣಿಕಟ್ಟಿಗೆ ಆಕ್ಟಿಗ್ರಾಫ್ (ಕೈಯ ಚಲನೆಯಿಂದ ನಿದ್ದೆಯನ್ನು ಅಂದಾಜಿಸುವ, ಗಡಿಯಾರದಂಥ ಸಾಧನ) ಕಟ್ಟಬೇಕು, ನಿದ್ದೆಯ ಡೈರಿ ಬರೆಸಬೇಕು, ರಕ್ತ ತೆಗೆಯಬೇಕು. ಇವುಗಳಲ್ಲಿ ಹೊತ್ತು ತಪ್ಪಾಗಿ ದಾಖಲಾದರೆ ಲ್ಯಾಬಿನಲ್ಲಿ ಎಷ್ಟು ಖರ್ಚು ಮಾಡಿದರೂ ಸರಿಯಾಗುವುದಿಲ್ಲ.

ಆಕ್ಟಿಗ್ರಾಫನ್ನು ಹೆಚ್ಚು ಬಳಸದ ಕೈಗೆ ಕಟ್ಟುತ್ತೇನೆ. ಪ್ರತಿ 30 ಸೆಕೆಂಡಿನ ಚಲನೆಯನ್ನು ಒಂದು ಎಣಿಕೆಯಾಗಿ ಅದು ದಾಖಲಿಸುತ್ತದೆ. ಕನಿಷ್ಠ 7 ರಾತ್ರಿ, ಸಾಧ್ಯವಾದರೆ 14. ಅದು ಅಳೆಯುವುದು ಕೈಯ ಚಲನೆಯನ್ನು ಮಾತ್ರ. ಎಚ್ಚರವಿದ್ದೂ ಅಲುಗದೆ ಮಲಗಿದವರನ್ನು ನಿದ್ದೆಯಲ್ಲಿದ್ದಾರೆ ಎಂದೇ ಲೆಕ್ಕ ಹಾಕುತ್ತದೆ. ಹಾಗಾಗಿ ಡೈರಿ ಇಲ್ಲದ ಆಕ್ಟಿಗ್ರಾಫ್ ದತ್ತಾಂಶವನ್ನು ನಾನು ನಂಬುವುದಿಲ್ಲ.

ಓದು ಬಾರದ ಅಜ್ಜಿಯನ್ನು ‘ಎಷ್ಟು ಗಂಟೆಗೆ ಎದ್ರಿ?’ ಎಂದು ಕೇಳಿದರೆ ಅಂದಾಜಿನ ಉತ್ತರ ಬರುತ್ತದೆ. ‘ಡೈರಿಗೆ ಹಾಲು ಹಾಕೋಕೆ ಮುಂಚೆನಾ, ಆಮೇಲಾ? ಮೊದಲ ಬಸ್ಸು ಹೋಗಿತ್ತಾ?’ ಎಂದರೆ ಹತ್ತು ನಿಮಿಷದ ಆಚೀಚೆಗೆ ಹಿಡಿಯಬಹುದು. ಹಾಲಿನ ಸಂಘದ ಹೊತ್ತು, ಬಸ್ಸಿನ ಹೊತ್ತನ್ನು ಮೊದಲೇ ಗುರುತು ಹಾಕಿಕೊಂಡಿರಬೇಕು. ಜಗಲಿಯ ಮೇಲಿನ ಮಧ್ಯಾಹ್ನದ ಜೋಂಪನ್ನೂ ಕೇಳಬೇಕು. ಅದನ್ನು ನಿದ್ದೆ ಎಂದು ಯಾರೂ ತಾವಾಗಿ ಹೇಳುವುದಿಲ್ಲ.

ಕೋಲಾರದ ಕಡೆ ಇನ್ನೊಂದು ಪ್ರಶ್ನೆ ಕಡ್ಡಾಯ: ಮನೆಯಲ್ಲಿ ರೇಷ್ಮೆ ಹುಳು ಇದೆಯಾ, ಎಷ್ಟನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ)? ನಾಲ್ಕನೇ ಜ್ವರ ಎದ್ದ ಹುಳುವಿಗೆ ರಾತ್ರಿಯೂ ಸೊಪ್ಪು ಹಾಕಬೇಕು. ಆ ವಾರದ ದಾಖಲೆ ಆ ಮನೆಯವರ ಮಾಮೂಲಿ ನಿದ್ದೆಯಲ್ಲ. ಗೂಡು ಬಿಡಿಸಿ ಮುಗಿದ ಮೇಲೆಯೇ ಆಕ್ಟಿಗ್ರಾಫ್ ಕಟ್ಟುತ್ತೇನೆ. ನಿದ್ದೆಯ ಗುಣಮಟ್ಟ ಕೇಳುವ ಪ್ರಶ್ನಾವಳಿಯಾದ ಪಿಟ್ಸ್‌ಬರ್ಗ್ ನಿದ್ದೆ ಸೂಚ್ಯಂಕವನ್ನೂ ಗೂಡು ಬಿಡಿಸಿದ ಕೂಡಲೇ ತುಂಬಿಸಿದರೆ ಎಡವಟ್ಟು: ಅದು ಕೇಳುವುದು ಕಳೆದ ಒಂದು ತಿಂಗಳ ನಿದ್ದೆಯನ್ನು. ಒಟ್ಟು 21 ಅಂಕದಲ್ಲಿ 5ಕ್ಕಿಂತ ಹೆಚ್ಚು ಬಂದವರನ್ನು ನಿದ್ದೆ ಸರಿಯಿಲ್ಲದವರ ಸಾಲಿಗೆ ಸೇರಿಸುತ್ತೇವೆ. ಒಂದು ಬೆಳೆಯ ಹುಳು ಸಾಕಿದ್ದಕ್ಕೇ ಆ ಸಾಲಿಗೆ ಸೇರಿಸುವುದು ಅನ್ಯಾಯ.

ಜೀನು ಓದಲು ಬೇಕಾದ ಡಿಎನ್‌ಎಗೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿನ ರಕ್ತ ಸಾಕು, ಯಾವ ಹೊತ್ತಾದರೂ ನಡೆಯುತ್ತದೆ. ಹೆಪ್ಪುಗಟ್ಟುವುದನ್ನು ತಡೆಯುವ ಇನ್ನೊಂದು ವಸ್ತುವಾದ ಹೆಪಾರಿನ್‌ನ ಟ್ಯೂಬ್ ಬೇಡ, ಅದು ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ವಿಧಾನಕ್ಕೆ ಅಡ್ಡಿ. ಯಾವ ಜೀನು ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಆರ್‌ಎನ್‌ಎ ಹಾಗಲ್ಲ. ಪಿಇಆರ್1ನಂಥ, ದೇಹದ ದಿನದ ಲಯ ನಡೆಸುವ ‘ಗಡಿಯಾರದ ಜೀನು’ಗಳ ಚಟುವಟಿಕೆ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಎಲ್ಲರಿಗೂ ಬೆಳಗಿನ ಒಂದೇ ಹೊತ್ತಿಗೆ ತೆಗೆದು, ಪಕ್ಕದಲ್ಲಿ ಅವರು ಎದ್ದ ಸಮಯವನ್ನೂ ಬರೆಯುತ್ತೇನೆ.

ಆರ್‌ಎನ್‌ಎ ಕೆಡದಂತೆ ಕಾಪಾಡುವ ದ್ರವವಿರುವ ಪ್ಯಾಕ್ಸ್‌ಜೀನ್ ಟ್ಯೂಬನ್ನು, ಉಳಿದ ಟ್ಯೂಬುಗಳಾದ ಮೇಲೆ, ಕೊನೆಗೆ ಹಿಡಿಯಬೇಕು. ಒಳಗಿನ ದ್ರವ ರಕ್ತನಾಳಕ್ಕೆ ಹಿಮ್ಮರಳದಂತೆ ಟ್ಯೂಬು ತೋಳಿಗಿಂತ ಕೆಳಗೆ, ನೆಟ್ಟಗಿರಲಿ. 2.5 ಎಂಎಲ್ ತುಂಬಲು ಹೊತ್ತು ಬೇಕು. ಅವಸರದಲ್ಲಿ ಬೇಗ ತೆಗೆದರೆ ರಕ್ತ ಕಡಿಮೆಯಾಗಿ ಆರ್‌ಎನ್‌ಎ ಇಳುವರಿ ಕುಸಿಯುತ್ತದೆ. 8ರಿಂದ 10 ಬಾರಿ ಮೆಲ್ಲಗೆ ಬೋರಲು ಮಾಡಿ, ಕುಲುಕಬಾರದು. ಕೋಣೆಯ ಉಷ್ಣತೆಯಲ್ಲಿ ಕನಿಷ್ಠ 2 ಗಂಟೆ, ಆಮೇಲೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ, ಅನಂತರ ಮೈನಸ್ 80 ಡಿಗ್ರಿಯಲ್ಲಿ. ತಂತಿಯ ಸ್ಟ್ಯಾಂಡಿನಲ್ಲೇ ಇಡಿ. ಥರ್ಮೋಕೋಲ್‌ನಲ್ಲಿಟ್ಟರೆ ಟ್ಯೂಬು ಸೀಳುತ್ತದೆ.

‘ನಂಗೆ ಮರೆವಿನ ಕಾಯಿಲೆ ಬರುತ್ತಾ ಸಿಸ್ಟರ್?’ ಎಂದು ಕೇಳುವವರಿದ್ದಾರೆ. ಎಪಿಒಇ ಜೀನಿನ ಇ4 ರೂಪ ಆಲ್ಜೈಮರ್‌ನ ಅಪಾಯ ಹೆಚ್ಚಿಸುತ್ತದೆ. ಅದಿದ್ದೂ ಕಾಯಿಲೆ ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ. ಫಲಿತಾಂಶ ತಿಳಿಸುತ್ತೇವೋ ಇಲ್ಲವೋ, ತಿಳಿಸಿದರೆ ಕೌನ್ಸೆಲಿಂಗ್ ಯಾರದು ಎಂಬುದು ಒಪ್ಪಿಗೆ ಪತ್ರದಲ್ಲೇ ಇರಬೇಕು. ಅದನ್ನು ಓದಿ ಹೇಳಿ, ಅವರ ಬಾಯಲ್ಲೇ ತಿರುಗಿ ಹೇಳಿಸಿದ ಮೇಲೆಯೇ ಸೂಜಿ ಹಿಡಿಯುತ್ತೇನೆ.