ಚಾರ್ಮಾಡಿ ಘಾಟಿಯಲ್ಲಿ ಬೈಕಿನ ಕಟಕಟ ನಿಂತ ಬಗೆ: ನನ್ನ ಅನುಭವ

"ಅರ್ಧ ಮಾಮೂಲಿ, ಅರ್ಧ ಪ್ರೀಮಿಯಂ ಪೆಟ್ರೋಲ್ ಬೆರೆಸಿದರೆ ಎಂಜಿನ್ ಕೈ ಕೊಡುತ್ತೆ ನೋಡು" ಅಂತ ಭಾವ ಹೆದರಿಸಿದ್ದರು. ಏನೂ ಆಗಲಿಲ್ಲ.

2022ರ ಮಾತು. ನನ್ನ ಬೈಕಿನ ಕಂಪ್ರೆಷನ್ (ಉರಿಯುವ ಮುಂಚೆ ಎಂಜಿನ್ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತೆ ಅನ್ನೋದು) ಹನ್ನೆರಡರ ಮೇಲೆ. ಉಜಿರೆ ಕಡೆಯಿಂದ ಚಾರ್ಮಾಡಿ ಹತ್ತುವಾಗ, ಹಿಂದೆ ಹೆಂಡತಿ ಕೂತಿದ್ದರೆ, ಮೂರನೇ ಗೇರಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಸಾಕು, ಡಬ್ಬಿಯಲ್ಲಿ ಗೋಲಿ ಕುಲುಕಿದ ಹಾಗೆ ಸದ್ದು. ಇದೇ ನಾಕ್: ಒತ್ತಡಕ್ಕೆ, ಬಿಸಿಗೆ ಪೆಟ್ರೋಲ್ ತಾನಾಗೇ ಸಿಡಿಯೋದು.

ಆಕ್ಟೇನ್ ಅಂದರೆ ಪೆಟ್ರೋಲ್ ಈ ನಾಕನ್ನು ಎಷ್ಟು ತಡೆಯುತ್ತೆ ಅನ್ನೋ ಅಂಕಿ. ಮೊದಲು ಅದನ್ನು ಏರಿಸೋ ಬೂಸ್ಟರ್ ಬಾಟಲಿ ತಂದೆ. ಐನೂರು ಚಿಲ್ಲರೆ ದಂಡ. ಆಮೇಲೆ ಯಾರೋ ಹೇಳಿದರು ಅಂತ ನುಸಿಗುಳಿಗೆ ಪುಡಿ ಮಾಡಿ ಹಾಕಿದೆ, ನಗಬೇಡಿ! ಸದ್ದು ಹಾಗೇ ಇತ್ತು, ಫಿಲ್ಟರ್ ತುಂಬಾ ಬಿಳಿ ಚೂರು. ಕೊನೆಗೆ ಬೆಂಗಳೂರಿಗೆ ಹೋದಾಗ 100 ಆಕ್ಟೇನ್ ಹೊಡೆಸಿದೆ. ಲೀಟರಿಗೆ ನೂರರವತ್ತರ ಹತ್ತಿರ, ಟ್ಯಾಂಕ್ ತುಂಬೋಕೆ ಎರಡು ಸಾವಿರ. ಸದ್ದು ನಿಂತಿತು ನಿಜ. ಪಿಕಪ್ಪೂ ಅದೇ, ಮೈಲೇಜೂ ಅದೇ ಇಪ್ಪತ್ತೆಂಟು.

ಆಮೇಲೆ ಟೂಲ್ ಬಾಕ್ಸ್ ತೆಗೆದು ಕೂತೆ. ಹೆಡ್ ಬಿಚ್ಚಿದರೆ ಪಿಸ್ಟನ್ ಮೇಲೆ ಬಾಣಲೆ ತಳದಂಥ ಕರಿ. ಪೂರ್ತಿ ತೆಗೆದೆ. ಗೀರು ಬೀಳದ ಹಾಗೆ ಯಾವುದರಲ್ಲಿ ಉಜ್ಜಿದೆ ಅನ್ನೋದನ್ನು ಇಲ್ಲಿ ಹೇಳಲ್ಲ, ಅದು ನನ್ನ ಹೊಟ್ಟೆಪಾಡು! ಆಮೇಲೆ ಮಾಮೂಲಿ 91 ಆಕ್ಟೇನ್ ಹಾಕಿ ಹತ್ತಿದೆ. ಸದ್ದು ಮುಕ್ಕಾಲು ಭಾಗ ಮಾಯ. ಪ್ರೀಮಿಯಂ 97 ಅರ್ಧ ಬೆರೆಸಿದೆ, ಅಂದಾಜು 94 ಬಂದಿರಬೇಕು. ಘಾಟಿ ತುದಿಯ ಕೊಟ್ಟಿಗೆಹಾರದವರೆಗೂ ಒಂದು ಟಿಕ್ ಕೇಳಲಿಲ್ಲ. ಪೂರ್ತಿ ಟ್ಯಾಂಕಿಗೆ ಅರವತ್ತು-ಎಪ್ಪತ್ತು ರೂಪಾಯಿ ಜಾಸ್ತಿ, ಅದೂ ಘಾಟಿ ಇದ್ದ ದಿನ ಮಾತ್ರ. ಊರೊಳಗೆ ಮಾಮೂಲಿಯೇ ಸಾಕಾಗುತ್ತಿತ್ತು.

ಸುಮ್ನೆ ಕುತೂಹಲಕ್ಕೆ ಭಾವನ ಹಳೇ ಯಮಹಾ ಬೈಕ್ ಆರ್‌ಎಕ್ಸ್ 100ಗೂ 97 ಕುಡಿಸಿ ನೋಡಿದೆ. ಅದರ ಕಂಪ್ರೆಷನ್ ಏಳರ ಆಸುಪಾಸು, ಎಲ್ಲಿಂದ ನಾಕ್ ಆಗಬೇಕು? ಸೆಕೆಂಡಿನ ವ್ಯತ್ಯಾಸವೂ ಸಿಗಲಿಲ್ಲ. "ಸ್ಮೂತ್ ಆಯ್ತಲ್ವಾ!" ಅಂದರು ಭಾವ. ದುಡ್ಡು ಕೊಟ್ಟವರ ಕಿವಿಗೆ ಹಾಗೇ ಕೇಳುತ್ತೆ.

ಈಗ ಇ20 (ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಮಾಮೂಲಿ ಪೆಟ್ರೋಲೇ 95. ಎಥನಾಲ್‌ನ ಆಕ್ಟೇನ್ ಜಾಸ್ತಿ, ಅದಕ್ಕೆ. ಹೋದ ತಿಂಗಳು 97 ಬೆರೆಸದೆ ಹತ್ತಿದೆ, ಸದ್ದಿಲ್ಲ. ಮೈಲೇಜ್ ಮಾತ್ರ ಒಂದೆರಡು ಕಿಲೋಮೀಟರ್ ಇಳಿದಿದೆ. ಭಾವ ಇನ್ನೂ ಪ್ರೀಮಿಯಂ ಪೈಪಿನ ಮುಂದೆಯೇ ನಿಲ್ಲುತ್ತಾರೆ.